ಚಿಟಿಕೆ, ಡ್ಯಾಶ್, ಡಾಲಪ್ ಮತ್ತು ಮೂರು ಸಲ ಬಿದ್ದ ಉಪ್ಪು

ಆವತ್ತು ಸಾರಿಗೆ ಉಪ್ಪು ಮೂರು ಸಲ ಬಿತ್ತು. ನಡೆದದ್ದು ಅಷ್ಟೇ. ಹಂಪಾಪುರದಿಂದ ಸರಗೂರಿನವರೆಗೆ ಜನ ಕಟ್ಟಿಕೊಂಡಿರುವ ಮಿಕ್ಕ ಕಥೆಗಳೆಲ್ಲ ಸುಳ್ಳು. ಇಂಗ್ಲಿಷಿನ ಮೇಲಿನ ಸಿಟ್ಟಿಗೆ ನಾನು ಅಡುಗೆ ಕೆಡಿಸಲಿಲ್ಲ. ಫಾರಿನ್ನಿನವರು ಯಾರೂ ಆಸ್ಪತ್ರೆ ಸೇರಲಿಲ್ಲ. ಒಬ್ಬಾತನಿಗೆ ಬಿಕ್ಕಳಿಕೆ ಬಂತು, ಅದು ಮುದ್ದೆಯನ್ನು ನುಂಗದೆ ಅಗಿದದ್ದಕ್ಕೆ.

ನಾನು ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ದುಡಿದು, ಮಂಡಿ ಹೋದ ಮೇಲೆ ಮನೆಗೆ ಬಂದವಳು. ಓದಿದ್ದು ನಾಲ್ಕನೇ ಕ್ಲಾಸು. ಈಗ ಮೊಮ್ಮಗಳು ಮೈಸೂರಿನಲ್ಲಿ ಅಡುಗೆಯನ್ನೇ ಕಾಲೇಜಿಗೆ ಹೋಗಿ ಕಲಿಯುತ್ತಾಳೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಅಂತ ಅವಳ ಜೊತೆಯ ಹುಡುಗರಿಗೆ ಬರೆದುಕೊಡಬೇಕಂತೆ. ಬಡ್ತಿಯ ವಿಷಯ ಬರೆಯಲು ಏನಿಲ್ಲ. ಪಾತ್ರೆ ತೊಳೆಯಲು ಸೇರಿದೆ, ಮುದ್ದೆ ತಿರುವುತ್ತಾ ಮುಗಿಸಿದೆ. ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಬೇಡಿ, ಹಬೆ ಬಟ್ಟೆಯೊಳಗಿಂದ ಬಂದು ಸುಡುತ್ತದೆ. ಇದೊಂದು ಕಲಿತರೆ ಅರ್ಧ ಕೆಲಸ ಕಲಿತಂತೆ. ಉಳಿದರ್ಧ ಅಳತೆ. ನಾನು ಬರೆಯಬೇಕಾದದ್ದು ಅದನ್ನೇ.

ಅಳತೆ ನನಗೆ ಕಲಿಸಿದವರು ನಮ್ಮತ್ತೆ. ಅವರ ಹತ್ತಿರ ಇದ್ದದ್ದು ಒಂದೇ ಮಾತು, ‘ಒಸಿ’. ಒಸಿ ಖಾರ ಅಂದರೆ ಹಿಡಿ ತುಂಬ. ಒಸಿ ಹುಣಸೆ ಅಂದರೆ ನಿಂಬೆ ಗಾತ್ರ. ಒಸಿ ತುಪ್ಪ ಅಂದರೆ ಸೊಸೆಯ ತಟ್ಟೆಗೆ ಏನೂ ಇಲ್ಲ, ಮಗನ ತಟ್ಟೆಗೆ ಸೌಟು. ಯಾವ ಒಸಿ ಎಷ್ಟು ಅನ್ನುವುದು ಅವರ ಮುಖ ನೋಡಿ ತಿಳಿಯಬೇಕಿತ್ತು. ನಾನು ತಿಳಿದುಕೊಂಡೆ. ಹಾಗಾಗಿ ರೆಸಾರ್ಟಿಗೆ ಸೇರಿದಾಗ ಅಳತೆಯಲ್ಲಿ ನನಗೆ ಸಮ ಯಾರೂ ಇಲ್ಲ ಅಂದುಕೊಂಡಿದ್ದೆ.

ಮೊದಲು ಸಿಕ್ಕ ಶೆಫ್ ಒಬ್ಬ ಇದ್ದ. ಎಲ್ಲಿಂದ ಬಂದವನೋ, ತಲೆಯ ಮೇಲೆ ಉದ್ದನೆಯ ಬಿಳಿ ಟೋಪಿ, ಬಾಗಿಲು ದಾಟುವಾಗಲೆಲ್ಲ ಬಗ್ಗುತ್ತಿದ್ದ. ಮೀನಿಗೆ ವಿನೆಗರ್ ಒಂದು ಡ್ಯಾಶ್ ಹಾಕು ಅಂದ. ಡ್ಯಾಶ್ ಅಂದರೆ ಎಷ್ಟು ಅಂತ ಕೇಳಿದೆ. ಡ್ಯಾಶ್ ಅಂದರೆ ಡ್ಯಾಶ್ ಅಂದ. ಎಷ್ಟು ಕೇಳಿದರೂ ಅದೇ. ಕೊನೆಗೆ ಬಾಟಲಿ ಕಿತ್ತುಕೊಂಡು ತಾನೇ ಎರಚಿದ. ಅರ್ಧ ಮೀನಿಗೆ, ಅರ್ಧ ಒಲೆಯ ಮುಂದೆ ನಿಂತಿದ್ದ, ನನ್ನ ಜೊತೆ ಕೆಲಸದ ನಾಗಮ್ಮನ ಕಣ್ಣಿಗೆ. ಅವಳು ಆ ಮಧ್ಯಾಹ್ನ ಪೂರ್ತಿ ಒಂದೇ ಕಣ್ಣಲ್ಲಿ ಈರುಳ್ಳಿ ಹೆಚ್ಚಿದಳು. ಅವನು ಹೋದ, ಇನ್ನೊಬ್ಬ ಬಂದ, ಅವನೂ ಹೋದ. ಹೋಗುವವರೆಲ್ಲ ಹೋಗುವಾಗ ಈ ಅಜ್ಜಿಯ ಜೊತೆ ಕೆಲಸ ಮಾಡಲಾಗದು ಅಂತ ಮ್ಯಾನೇಜರಿಗೆ ಹೇಳಿ ಹೋಗುತ್ತಿದ್ದರಂತೆ. ನಾನು ಯಾರನ್ನೂ ಓಡಿಸಲಿಲ್ಲ. ಎಷ್ಟು ಅಂತ ಕೇಳುತ್ತಿದ್ದೆ, ಅಷ್ಟೇ.

ಆಮೇಲೆ ಬಂದವನು ರಿಯಾಜ್. ಹುಣಸೂರಿನವನು, ಹೋಟೆಲ್ ಕೆಲಸ ಓದಿದವನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆದರೂ ನನ್ನ ಮೇಲಿನವನು. ಮೊದಲ ದಿನ ಶೆಫ್ ಸಾರ್ ಅಂದೆ. ಹಾಗನ್ನಬೇಡಿ ಅಜ್ಜಿ, ಹಿಂದೆ ಯಾರೋ ನಿಂತಿದ್ದಾರೇನೋ ಅನ್ನಿಸುತ್ತದೆ ಅಂದ. ಎರಡನೆಯ ದಿನ ಒಂದು ಸ್ಟೂಲು ತಂದು ಒಲೆಯ ಪಕ್ಕ ಇಟ್ಟ, ನನ್ನ ಮಂಡಿಗೆ ಅಂತ. ಅಷ್ಟು ವರ್ಷದಲ್ಲಿ ಬಂದು ಹೋದ ಟೋಪಿಯವರಲ್ಲಿ ಒಬ್ಬರಿಗೂ ನನಗೆ ಮಂಡಿ ಇದೆ ಅಂತ ಗೊತ್ತಿರಲಿಲ್ಲ. ಈ ಹುಡುಗ ಉಳಿಯಲಿ ಅಂತ ನನಗೆ ಅನ್ನಿಸಿದ್ದು ಆ ಸ್ಟೂಲಿಗಾಗಿ. ಇದರಲ್ಲಿ ಪ್ರೀತಿ ಗೀತಿ ಏನಿಲ್ಲ.

ಅವನ ಕೆಲಸ ಖಾಯಂ ಆಗಿರಲಿಲ್ಲ. ಪರೀಕ್ಷೆಗೆ ಇಟ್ಟುಕೊಂಡಿದ್ದರು. ಅವರಪ್ಪನಿಗೆ ಹುಣಸೂರು ಪೇಟೆಯಲ್ಲಿ ಅತ್ತರಿನ ಅಂಗಡಿ. ಹತ್ತಿಗೆ ಒಂದು ತೊಟ್ಟು ಮುಟ್ಟಿಸಿ ಗಿರಾಕಿಯ ಕಿವಿಯ ಮಡಿಕೆಯಲ್ಲಿ ಸಿಕ್ಕಿಸುವ ವ್ಯಾಪಾರ. ಖಾಯಂ ಆಗದಿದ್ದರೆ ಬಂದು ಗಲ್ಲಾದಲ್ಲಿ ಕೂರಬೇಕು ಅಂತ ಅಪ್ಪ ಮಾತು ತೆಗೆದುಕೊಂಡಿದ್ದರಂತೆ. ಇವನಿಗೋ ಅತ್ತರಿನ ವಾಸನೆ ಬಂದರೆ ತಲೆನೋವು. ಹುಟ್ಟಿದ್ದೇ ಆ ವಾಸನೆಯಲ್ಲಿ, ಹುಟ್ಟಿದಾಗಿನಿಂದ ತಲೆನೋವು. ಅಡುಗೆ ಕಲಿಯಲು ಹೋದದ್ದೇ ಮೂಗು ಉಳಿಸಿಕೊಳ್ಳಲು ಅಂತ ಹೇಳುತ್ತಿದ್ದ. ಆದರೆ ಅಪ್ಪನ ಒಂದು ಗುಣ ಇವನಿಗೆ ಬಂದಿತ್ತು. ಸಣ್ಣ ಸಣ್ಣ ಅಳತೆಯ ಹುಚ್ಚು. ಆ ಇಂಗ್ಲಿಷ್ ಮಾತುಗಳಿಗೆ ಅರ್ಥ ಏನು, ಅವು ಎಲ್ಲಿಂದ ಬಂದವು ಅನ್ನುವುದನ್ನೆಲ್ಲ ಫೋನಿನಲ್ಲಿ ಓದಿಕೊಂಡು ಬಂದು, ನಾನು ಅವರೆಕಾಳು ಹಿಸುಕುವಾಗ ಹೇಳುತ್ತಿದ್ದ. ಬೇಡ ಅಂದರೂ ಹೇಳುತ್ತಿದ್ದ.

ಡ್ಯಾಶ್ ಅಂದರೆ ಮೂಲದಲ್ಲಿ ಬಡಿಯುವುದು, ಬೀಸಿ ಎಸೆಯುವುದು ಅಂತೆ. ಹಾಗಾದರೆ ಟೋಪಿಯವನು ಸರಿಯಾಗಿಯೇ ಮಾಡಿದ್ದ, ನಾಗಮ್ಮನೇ ಅಡ್ಡ ನಿಂತದ್ದು. ಪಿಂಚ್ ಅಂದರೆ ಚಿವುಟುವುದು, ನಮ್ಮ ಚಿಟಿಕೆಯ ಹಾಗೆ ಎರಡು ಬೆರಳಿನ ಕೆಲಸ. ಡ್ರಾಪ್ ಅಂದರೆ ತೊಟ್ಟು. ತೊಟ್ಟಿಕ್ಕುವುದಕ್ಕೆ ಅವರು ಹೇಳುವ ಮಾತೂ, ಜೋತುಬೀಳುವುದಕ್ಕೆ ಹೇಳುವ ಮಾತೂ ಅದೇ ಮನೆಯ ಮಕ್ಕಳಂತೆ. ಅದು ನನಗೆ ಸರಿ ಕಂಡಿತು. ನಮ್ಮಲ್ಲೂ ಕಾಯಿ ಜೋತುಬೀಳುವುದು ತೊಟ್ಟಿನಿಂದಲೇ ತಾನೇ.

ಡಾಲಪ್ ಅನ್ನುವುದು ಮಾತ್ರ ನನಗೆ ನಗು ತರಿಸಿತು. ಗಟ್ಟಿ ಮೊಸರನ್ನೋ ಬೆಣ್ಣೆಯನ್ನೋ ಚಮಚದಿಂದ ತಟ್ಟೆಗೆ ಧೊಪ್ಪೆಂದು ಹಾಕುವುದು ಡಾಲಪ್. ಅದು ಮೊದಲು ಹೊಲದಲ್ಲಿ ಬೆಳೆಯುವ ಕಳೆಹುಲ್ಲಿನ ಗುಪ್ಪೆಗೆ ಇದ್ದ ಹೆಸರಂತೆ.

“ಅಂಗಾದ್ರೆ ರಾಗಿ ಹೊಲದಾಗೆ ನಾ ಕಿತ್ತಾಕಿರೋ ಡಾಲಪ್ಪಿಗೆ ಲೆಕ್ಕ ಇಲ್ಲ ಬುಡು,” ಅಂದೆ.

ಆವತ್ತಿನಿಂದ ಅಡುಗೆಮನೆಯ ಹೆಂಗಸರೆಲ್ಲ ಕಳೆ ಕೀಳುವುದಕ್ಕೆ ಡಾಲಪ್ ಕೀಳುವುದು ಅನ್ನತೊಡಗಿದರು. ಈಗಲೂ ನಮ್ಮ ಬೀದಿಯಲ್ಲಿ ಇಬ್ಬರು ಹಾಗೇ ಅನ್ನುತ್ತಾರೆ.

ಟ್ಯಾಡ್ ಅಂದರೆ ಚೂರು. ಅದು ಸಣ್ಣ ಮಗುವಿಗೆ ಹೇಳುತ್ತಿದ್ದ ಮಾತಂತೆ, ಅದಕ್ಕೂ ಹಿಂದೆ ಗೊದಮೊಟ್ಟೆಯಿಂದ ಬಂದಿರಬಹುದಂತೆ. ಕೆರೆಯ ಗೊದಮೊಟ್ಟೆಯನ್ನು ಅಡುಗೆಯ ಅಳತೆಗೆ ತಂದವರು ಏನು ತಿನ್ನುತ್ತಿದ್ದರೋ ಅಂತ ನಾಗಮ್ಮ ಮುಖ ಹಿಂಡಿದಳು. ಸ್ಮಿಜನ್ ಅಂದರೆ ಅದಕ್ಕೂ ಸಣ್ಣ ಚೂರು, ಅದು ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಖಚಿತವಾಗಿ ಗೊತ್ತಿಲ್ಲ ಅಜ್ಜಿ ಅಂದ. ಗೊತ್ತಿಲ್ಲ ಅಂತ ಹೇಳಿದ ಮೊದಲ ಶೆಫ್ ಅವನೇ. ಅದಕ್ಕೆ ಆವತ್ತು ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಬಾರಿನಲ್ಲಿ ಡ್ರ್ಯಾಮ್ ಅಂತ ಒಂದು ಇತ್ತು. ಬಾಯಿ ತೇವ ಆಗುವಷ್ಟು ವಿಸ್ಕಿ. ಹಿಂದೆ ಅದು ಔಷಧಿಯವರ ತೂಕವಂತೆ, ಅದಕ್ಕೂ ಹಿಂದೆ ಗ್ರೀಕರ ನಾಣ್ಯದ ಹೆಸರು, ಇನ್ನೂ ಹಿಂದೆ ಹೋದರೆ ಒಂದು ಹಿಡಿ ಅಂತ ಅರ್ಥ. ಕೈಯಲ್ಲಿ ಹಿಡಿಯುವಷ್ಟು. ಹಿಡಿಯಿಂದ ಹೊರಟದ್ದು ಬರುತ್ತಾ ಬರುತ್ತಾ ಬಾಯಿಯ ತೇವಕ್ಕೆ ಬಂದು ನಿಂತಿತು. ನಮ್ಮೂರ ಗೋಮಾಳವೂ ಹೀಗೇ ಆದದ್ದು.

ನನಗೆ ಹಿಡಿಸಿದ್ದು ಫ್ರೆಂಚರ ಒಂದು ಮಾತು, ಸೂಪ್ಸೋ ಅಂತಲೋ ಏನೋ. ಅದರ ಅರ್ಥ ಅನುಮಾನ. ಹಾಕಿದೆಯೋ ಇಲ್ಲವೋ ಅಂತ ತಿನ್ನುವವನಿಗೆ ಅನುಮಾನ ಬರಬೇಕು, ಅಷ್ಟು ಮಾತ್ರ ಹಾಕುವುದು. ಇಂಗು ಹಾಕಬೇಕಾದ್ದು ಹಾಗೇ. ಆ ದೇಶದಲ್ಲೂ ಒಬ್ಬ ಅಡುಗೆ ತಿಳಿದವಳು ಇದ್ದಿರಬೇಕು.

ಇಷ್ಟೆಲ್ಲ ಹೇಳುತ್ತಿದ್ದರೂ ಅವನಿಗೆ ನನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ನನಗೆ ಅವನ ಚಮಚದ ಮೇಲೆ ಇರಲಿಲ್ಲ. ಒಂದು ತಂತಿಗೆ ಪೋಣಿಸಿದ ಸಣ್ಣ ದೊಡ್ಡ ಚಮಚಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ನಡೆದರೆ ದನದ ಗಂಟೆಯ ಹಾಗೆ ಸದ್ದು. ಅವನು ಅಳೆಯುವಾಗ ನಾನು ಕೆಮ್ಮುತ್ತಿದ್ದೆ. ನಾನು ಹಿಡಿ ಹಾಕುವಾಗ ಅವನು ಸೂರು ನೋಡುತ್ತಿದ್ದ. ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು.

ಈಗ ಎರಡು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು, ನಾನು ಅಡುಗೆಯ ರುಚಿ ನೋಡುವುದಿಲ್ಲ. ಬಡಿಸುವ ಮೊದಲು ಬಾಯಿಗಿಟ್ಟರೆ ಎಂಜಲು. ವಾಸನೆಯಲ್ಲೇ ತಿಳಿಯಬೇಕು, ತಿಳಿಯುತ್ತದೆ. ಇನ್ನೊಂದು, ಸಂಜೆ ದೀಪ ಹತ್ತಿದ ಮೇಲೆ ನಾನು ಉಪ್ಪಿನ ಹೆಸರು ಎತ್ತುವುದಿಲ್ಲ, ಹಾಕಿದೆ, ಹಾಕಿಲ್ಲ ಅಂತಲೂ ಅನ್ನುವುದಿಲ್ಲ. ಲಕ್ಷ್ಮಿ ಎದ್ದು ಹೋಗುತ್ತಾಳೆ ಅನ್ನುತ್ತಾರೆ. ಕೆಲವರು ಅದಕ್ಕೆ ರುಚಿ ಅಂತ ಬೇರೆ ಹೆಸರು ಹೇಳಿ ಕೇಳುತ್ತಾರೆ. ನಮ್ಮತ್ತೆ ಅದಕ್ಕೂ ಒಪ್ಪುತ್ತಿರಲಿಲ್ಲ. ಅಡ್ಡಹೆಸರಿನಿಂದ ಕರೆದರೂ ತಿರುಗಿ ನೋಡುವವರು ಅವರೇ ಅಲ್ಲವಾ ಅನ್ನುತ್ತಿದ್ದರು. ನಾನೇನು ನಂಬುತ್ತೇನೆ ಅಂತಲ್ಲ. ಹೇಳದಿದ್ದಾಗಲೂ ಲಕ್ಷ್ಮಿ ನಮ್ಮ ಮನೆಗೇನು ಬಂದು ಕೂತಿರಲಿಲ್ಲ. ಆದರೆ ಮದುವೆಯಾದಾಗಿನಿಂದ ತಿರುಗದ ನಾಲಿಗೆ ಈಗ ತಿರುಗು ಅಂದರೆ ತಿರುಗುವುದಿಲ್ಲ.

ಆ ವರ್ಷ ರಂಜಾನ್ ನಡೆಯುತ್ತಿದ್ದಾಗ ಮಾಲೀಕರು ಮೈಸೂರಿನಿಂದ ಬಂದರು. ಮಿರ್ಲೆ ಕಡೆಯ ಜಮೀನುದಾರರ ಮನೆಯವರು, ಮೈಸೂರಿಗೆ ಹೋಗಿ ದೊಡ್ಡವರಾದವರು. ಜೊತೆಗೆ ಫಾರಿನ್ನಿನ ಟೂರಿಸ್ಟ್ ಕಂಪನಿಯವರು, ಒಂದು ದೊಡ್ಡ ಮೇಜು ತುಂಬುವಷ್ಟು ಜನ. ಈ ಊಟ ಅವರಿಗೆ ಹಿಡಿಸಿದರೆ ರಿಯಾಜ್ ಖಾಯಂ, ಇಲ್ಲದಿದ್ದರೆ ಬೇರೆ ಶೆಫ್ ನೋಡುತ್ತೇನೆ ಅಂತ ಮಾಲೀಕರು ಎಲ್ಲರ ಮುಂದೆಯೇ ಹೇಳಿದರು. ಊಟ ಈ ಸೀಮೆಯದೇ ಆಗಬೇಕು. ಮುದ್ದೆ, ಉಪ್ಸಾರು, ಅದರ ಖಾರ.

ಉಪ್ಸಾರು ನನ್ನ ಕೈಯದು ಅಂತ ಬೆಳಿಗ್ಗೆ ಮಾತಾಗಿತ್ತು. ಮಧ್ಯಾಹ್ನ ಮ್ಯಾನೇಜರು ಬಂದು, ಗೆಸ್ಟುಗಳು ಮಾಡುವ ವಿಧಾನ ಕೇಳುತ್ತಾರೆ, ಎಲ್ಲವೂ ಚಮಚದ ಲೆಕ್ಕದಲ್ಲೇ ಆಗಲಿ ಅಂತ ರಿಯಾಜ್‌ಗೆ ಹೇಳಿ ಹೋದರಂತೆ. ಅದನ್ನು ನನಗೆ ಯಾರೂ ಹೇಳಲಿಲ್ಲ.

ಸೂರ್ಯ ಇಳಿಯುವ ಮೊದಲು ಕಾಳು, ಸೊಪ್ಪು ಬೇಯಲು ಇಟ್ಟು ಹರಳುಪ್ಪು ಹಾಕಿದೆ. ಒಂದು ಹಿಡಿ, ಅದರ ಮೇಲೆ ಒಸಿ. ಆಗ ರಿಯಾಜ್ ಹೊರಗೆ ಮೇಜು ಜೋಡಿಸುವವರ ಮೇಲೆ ನಿಗಾ ಇಟ್ಟಿದ್ದ. ಕೈ ತೊಳೆದು, ಮೂಲೆಯ ದೇವರ ಪಟದ ಮುಂದೆ ದೀಪ ಹಚ್ಚಿದೆ. ಮುದ್ದೆಯ ಹಿಟ್ಟು ಬೆಂದಿತ್ತು. ಪಾತ್ರೆಯನ್ನು ನೆಲಕ್ಕಿಳಿಸಿ, ಸ್ಟೂಲಿನ ಮೇಲೆ ಕೂತು, ಪಾತ್ರೆ ಅಲುಗದ ಹಾಗೆ ಕವೆಗೋಲನ್ನು ಕಾಲಿನಲ್ಲಿ ಅದುಮಿ ತಿರುವಲು ಶುರು ಮಾಡಿದೆ. ಮುದ್ದೆ ತಿರುವಿದವರಿಗೆ ಗೊತ್ತು, ನಡುವೆ ಕೈ ಬಿಟ್ಟರೆ ಗಂಟು.

ಆಗ ರಿಯಾಜ್ ಒಳಗೆ ಬಂದ. ಉಪವಾಸದ ಮುಖ, ತುಟಿ ಒಣಗಿತ್ತು. ಬೇರೆ ದಿನವಾದರೆ ಅವನು ಎಲ್ಲದರ ರುಚಿ ನೋಡುವವನು. ಅಡುಗೆಯವನು ನಾಲಿಗೆಯ ತುದಿಗಿಟ್ಟು ಉಗಿಯಬಹುದು ಅಂತ ಅವರಲ್ಲೇ ಹೇಳುವವರಿದ್ದಾರಂತೆ, ಇವನು ಒಪ್ಪುತ್ತಿರಲಿಲ್ಲ. ಉಪವಾಸ ಬಿಡುವ ಬಾಂಗ್ ಆಗಲು ಇನ್ನೂ ಸ್ವಲ್ಪ ಹೊತ್ತಿತ್ತು. ನನ್ನ ದೀಪ ಹತ್ತಿತ್ತು, ಅವನ ಉಪವಾಸ ಮುಗಿದಿರಲಿಲ್ಲ. ನಾನು ಹೇಳುವಂತಿಲ್ಲ, ಅವನು ರುಚಿ ನೋಡುವಂತಿಲ್ಲ. ಎಲ್ಲ ಕೆಟ್ಟದ್ದು ಆ ಸಂದಿಯಲ್ಲಿ.

ಸೊಂಟದಿಂದ ದೊಡ್ಡ ಚಮಚ ಬಿಚ್ಚಿ, ಉಪ್ಪಿನ ಡಬ್ಬಿ ತೆಗೆದ. ನಾನು ಕೆಮ್ಮಿದೆ. ಅವನು ತಿರುಗಿ ನೋಡಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದೆ. ಮುದ್ದೆಕೋಲನ್ನು ಪಾತ್ರೆಗೆ ಬಡಿದೆ. ತಿರುಗಿದಾಗ ಬೇಡ ಅಂತ ತಲೆಯಾಡಿಸಿದೆ.

“ಗೊತ್ತು ಬುಡಿ ಅಜ್ಜಿ,” ಅಂದ. “ಚಮಚ ಕಂಡ್ರೆ ನಿಮ್ಗೆ ಕೆಮ್ಮು ಬತ್ತದೆ. ಇವತ್ತೊಂದಿನ ತಡ್ಕಳಿ, ನನ್ನ ನೌಕ್ರಿ ಪ್ರಶ್ನೆ.”

ಚಮಚದ ತಲೆಯನ್ನು ಚಾಕುವಿನಲ್ಲಿ ಸಮ ಮಾಡಿ, ಒಂದೊಂದಾಗಿ ಲೆಕ್ಕ ಹಿಡಿದು ಹಾಕಿದ. ಅಷ್ಟು ಅಚ್ಚುಕಟ್ಟಾಗಿ ಸಾರು ಕೆಡುವುದನ್ನು ನಾನು ನೋಡಿರಲಿಲ್ಲ.

ಆ ಹೊತ್ತಿಗೆ ಅವನ ಫೋನಿನಲ್ಲಿ ಬಾಂಗ್ ಆಯಿತು. ಖರ್ಜೂರ, ನೀರು ಹಿಡಿದುಕೊಂಡು ಹಿಂದಿನ ಬಾಗಿಲಿಂದ ಹೋದ. ನಮಾಜು ಮುಗಿಸಿ ಬಂದು ರುಚಿ ನೋಡುತ್ತೇನೆ ಅಂದ. ಬರಲಿ, ನೋಡಲಿ, ತಿಳಿಯುತ್ತದೆ, ಕಟ್ಟಿನ ನೀರು ಬಗ್ಗಿಸಿ ಬಿಸಿನೀರು ಬೆರೆಸಿದರಾಯಿತು ಅಂತ ನಾನೂ ಸಮಾಧಾನವಾದೆ.

ಮುಂದಿನ ಬಾಗಿಲಿಂದ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯರಲ್ಲ. ಮಾಲೀಕರು ಬಂದ ದಿನ ಮಾತ್ರ ಅವರಿಗೆ ಎಲ್ಲದರಲ್ಲೂ ಕೈಯಾಡಿಸಬೇಕು ಅನ್ನಿಸುತ್ತಿತ್ತು. ಊಟದ ಹಲಗೆಯ ಮೇಲೆ ಉಪ್ಸಾರಿಗೆ ಇಂಗ್ಲಿಷಿನಲ್ಲಿ ಉಪ್ಪಿನ ಸಾರು ಅಂತಲೇ ಬರೆಸಿದ್ದರಂತೆ. ಹೆಸರಿಗೆ ತಕ್ಕಂತೆ ಇರಬೇಡವೇ ಅಂತ ಬಲಗೈಯಲ್ಲಿ ಉಪ್ಪು ತುಂಬಿಕೊಂಡು ಸಾರಿನ ಮೇಲೆ ನಿಂತರು.

“ಬ್ಯಾಡ ಸಾರ್,” ಅಂದೆ.

“ಏನು ಬೇಡ?”

“ಅದು.”

“ಯಾವುದು?”

“ನಿಮ್ಮ ಕೈಲಿರೋದು.”

ಅವರ ಎಡಗೈಯಲ್ಲಿ ಫೋನ್ ಇತ್ತು. ಅದನ್ನು ನೋಡಿಕೊಂಡರು. ಒಲೆಯ ಹತ್ತಿರ ಫೋನ್ ಬೇಡ ಅಂದದ್ದು ಸರಿಯೇ ಅನ್ನಿಸಿರಬೇಕು, ಜೋಪಾನವಾಗಿ ಜೇಬಿಗೆ ಹಾಕಿದರು. ಆಮೇಲೆ ಬಲಗೈ ಬಿಡಿಸಿದರು.

ಇಂಗ್ಲಿಷಿನಲ್ಲಿ ಹೇಳಬಹುದಿತ್ತಲ್ಲ ಅಂತ ಆಮೇಲೆ ನಾಗಮ್ಮ ಕೇಳಿದಳು. ಸಾಲ್ಟ್ ಅನ್ನುವುದು ನನಗೇನು ಬಾರದ ಮಾತಲ್ಲ. ಆ ಗಳಿಗೆಯಲ್ಲೂ ಹೊಳೆದಿತ್ತು. ಆದರೆ ಲಕ್ಷ್ಮಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಯಾರು ಹೇಳಿದರು? ಇಂಗ್ಲಿಷ್ ಬಂದವರ ಮನೆಯಲ್ಲೇ ಅವಳು ಹೆಚ್ಚು ಇರುವುದು.

ಗೆಸ್ಟುಗಳು ಆಗಲೇ ಬಂದು ಕೂತುಬಿಟ್ಟಿದ್ದರು. ಮ್ಯಾನೇಜರು ಚಪ್ಪಾಳೆ ತಟ್ಟಿ ಬಡಿಸುವವರನ್ನು ಕರೆದರು. ಒಸಿ ತಡೀರಪ್ಪ ಅಂತ ಕೂಗಿದೆ. ಅವರು ಒಸಿ ತಡೆದರು. ಆಮೇಲೆ ಸಾರು ಎತ್ತಿಕೊಂಡು ಹೋದರು. ರಿಯಾಜ್ ನಮಾಜು ಮುಗಿಸಿ ಬಂದಾಗ ಒಲೆಯ ಮೇಲೆ ಏನೂ ಇರಲಿಲ್ಲ. ಸೌಟಿನ ತುದಿಯಲ್ಲಿ ಉಳಿದಿದ್ದ ಒಂದು ತೊಟ್ಟನ್ನು ನಾಲಿಗೆಗೆ ಇಟ್ಟುಕೊಂಡ. ಅವನು ಆವತ್ತು ಉಪವಾಸ ಬಿಟ್ಟು ತಿಂದ ಮೊದಲ ಅಡುಗೆ ಅದು. ಮುಖ ನೋಡಿ ನಾನು ಬೇರೆ ಕಡೆ ತಿರುಗಿದೆ.

ನಮ್ಮನ್ನು ಹೊರಗೆ ಕರೆದರು. ಮೇಜಿನ ತುದಿಯಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬ ಬಿಳಿ ಹೆಂಗಸು ಕೂತಿದ್ದಳು. ನೀರಿನ ಜಗ್ಗನ್ನೇ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ನಗುತ್ತಾ ಏನೋ ಹೇಳಿದಳು. ಏನಂತೆ ಅಂತ ರಿಯಾಜ್‌ನನ್ನು ಮೆಲ್ಲಗೆ ಕೇಳಿದೆ.

“ಒಂದು ಟ್ಯಾಡ್ ಜಾಸ್ತಿ ಅಂತವ್ರೆ ಅಜ್ಜಿ.”

ಗೊದಮೊಟ್ಟೆಯಷ್ಟು ಅಂತ. ಆ ಸಣ್ಣ ಸಣ್ಣ ಮಾತುಗಳನ್ನೆಲ್ಲ ಇಂಗ್ಲಿಷಿನವರು ಯಾಕೆ ಇಟ್ಟುಕೊಂಡಿದ್ದಾರೆ ಅಂತ ನನಗೆ ಆಗ ತಿಳಿಯಿತು. ಅಳೆಯುವುದಕ್ಕಲ್ಲ, ಮರ್ಯಾದೆ ಉಳಿಸುವುದಕ್ಕೆ. ನಮ್ಮತ್ತೆ ಆಗಿದ್ದರೆ ತಟ್ಟೆ ಎಸೆಯುತ್ತಿದ್ದರು.

ಮಾಲೀಕರು ನಗಲಿಲ್ಲ. ಯಾರ ಕೆಲಸ ಇದು ಅಂತ ಕೇಳಿದರು. ಮ್ಯಾನೇಜರು ಚಪ್ಪಲಿ ನೋಡಿಕೊಳ್ಳುತ್ತಾ ನಿಂತರು. ರಿಯಾಜ್ ಒಂದು ಸಲ ಸ್ಕ್ರೂಪಲ್ ಅನ್ನುವ ಮಾತು ಹೇಳಿದ್ದ. ಔಷಧಿಯವರ ಸಣ್ಣ ತೂಕ ಅದು. ಮೂಲದಲ್ಲಿ ಚೂಪಾದ ಸಣ್ಣ ಕಲ್ಲು. ಅದು ಚಪ್ಪಲಿಯೊಳಗೆ ಸೇರಿಕೊಂಡ ಹಾಗೆ ಮನಸ್ಸನ್ನು ಚುಚ್ಚುವುದಕ್ಕೂ ಅದೇ ಹೆಸರಂತೆ. ಮ್ಯಾನೇಜರ ಚಪ್ಪಲಿ ಹೊಸದು, ಒಳಗೆ ಏನೂ ಇದ್ದಂತೆ ಕಾಣಲಿಲ್ಲ.

“ಅಡ್ಗೆಮನೆ ನಂದು ಸಾರ್,” ಅಂದ ರಿಯಾಜ್. “ನಾನೇ ಜವಾಬ್ದಾರ.”

ಬೆಳಗಿನ ಬಸ್ಸಿಗೆ ಹೊರಡು ಅಂದರು ಮಾಲೀಕರು. ನಾನು ಕೈ ಎತ್ತಿ, ಬೆರಳು ಮಡಚಿ, ಒಲೆಯ ಕಡೆ, ಮ್ಯಾನೇಜರ ಕಡೆ ತೋರಿಸಿದೆ. ನೀವು ಹೋಗಿ ಮಲಗಿ ಅಜ್ಜಿ, ವಯಸ್ಸಾಯಿತು ಅಂದರು. ಮೂಕಿಯ ಹಾಗೆ ಕೈಯಾಡಿಸುವ ಮುದುಕಿಗೆ ಬೇರೇನು ಅನ್ನುತ್ತಾರೆ. ಗೆಸ್ಟುಗಳಿಗೆ ಮೊಸರನ್ನ ಹೋಯಿತು. ಮೊಸರು ಡಾಲಪ್ ಡಾಲಪ್ ಆಗಿ ಹಾಕಿ ಕಳಿಸಿದೆ. ಅದನ್ನು ಚೆನ್ನಾಗಿ ತಿಂದರು.

ರಿಯಾಜ್ ಚಮಚಗಳನ್ನು ತೊಳೆದು, ಒರೆಸಿ, ತಂತಿಗೆ ಪೋಣಿಸಿ ಗೂಟಕ್ಕೆ ಹಾಕಿದ. ರೆಸಾರ್ಟಿನ ಸಾಮಾನು, ಇಲ್ಲೇ ಇರಲಿ ಅಂದ. ಅಪ್ಪನಿಗೆ ಫೋನ್ ಮಾಡಿದೆಯಾ ಅಂತ ಕೇಳಿದೆ. ಇನ್ನೂ ಇಲ್ಲ, ಆದರೆ ತಲೆನೋವು ಆಗಲೇ ಬಂದಿದೆ ಅಂದ. ಆ ಅಡುಗೆಮನೆಯಲ್ಲಿ ಅನುಮಾನವನ್ನು ಫ್ರೆಂಚರ ಲೆಕ್ಕದಲ್ಲಿ ಹಾಕಿದ್ದರೆ ಸಾಕಿತ್ತು. ನಾವು ಹಿಡಿ ಹಿಡಿ ಹಾಕಿದ್ದೆವು.

ಬೆಳಿಗ್ಗೆ ಕಾಡಿನ ಮೇಲೆ ಸೂರ್ಯ ಪೂರ್ತಿ ಬರುವವರೆಗೆ ಕಾದೆ. ಅರ್ಧ ಬಂದದ್ದು ಸಾಲದು. ಮಾಲೀಕರು ನೀರಿನ ದಂಡೆಯಲ್ಲಿ ವಾಕಿಂಗ್ ಮಾಡುತ್ತಿದ್ದರು. ಎದುರಿಗೆ ಹೋಗಿ ನಿಂತೆ.

“ಉಪ್ಪು ಮೂರ್ಸಲ ಬಿತ್ತು ಯಜಮಾನ್ರೇ,” ಅಂದೆ. “ಮೊದ್ಲು ನಾ ಆಕ್ದೆ. ಅದು ಸರಿಯಾಗಿತ್ತು. ಆಮ್ಯಾಕೆ ಹುಡುಗ ಆಕ್ದ, ಅವ್ನಿಗೆ ಗೊತ್ತಿರ್ನಿಲ್ಲ. ಆಮ್ಯಾಕೆ ನಿಮ್ಮ ಮ್ಯಾನೇಜರು ಆಕುದ್ರು, ಅವ್ರುನ್ನ ಯಾರೂ ಕೇಳಿರ್ನಿಲ್ಲ.”

“ಇದನ್ನ ರಾತ್ರಿ ಹೇಳೋಕೆ ಏನಾಗಿತ್ತು ಅಜ್ಜಿ?”

“ದೀಪ ಹತ್ತಿತ್ತಲ್ಲ ಯಜಮಾನ್ರೇ.”

ಮಿರ್ಲೆಯ ಮನೆಯಲ್ಲಿ ಅವರ ತಾಯಿಯೂ ದೀಪ ಹತ್ತಿದ ಮೇಲೆ ಆ ಹೆಸರು ಹೇಳುತ್ತಿರಲಿಲ್ಲ ಅಂತ ಕಾಣುತ್ತದೆ. ಬಸ್ಸು ಹೋಯಿತಾ ಅಂತ ಕೇಳಿದರು.

ಹೋಗಿರಲಿಲ್ಲ. ಅದು ಹೇಳಿದ ಹೊತ್ತಿಗೆ ಬರುವ ಬಸ್ಸೇ ಅಲ್ಲ. ಗೇಟಿನ ಹತ್ತಿರ ಬ್ಯಾಗಿನ ಮೇಲೆ ಕೂತಿದ್ದವನನ್ನು ಎಬ್ಬಿಸಿ, ಬ್ಯಾಗನ್ನು ಅವನ ಕೈಯಲ್ಲೇ ಹೊರಿಸಿಕೊಂಡು ಬಂದೆ. ತಿಂಡಿಗೆ ಉಪ್ಪಿಟ್ಟು. ಎಸರಿಗೆ ಉಪ್ಪು ಹಾಕಿದೆ. ಹೊರಗೆ ನಿಂತಿದ್ದ ಮ್ಯಾನೇಜರಿಗೂ ಕೇಳುವ ಹಾಗೆ, ಉಪ್ಪು ಹಾಕಿದೀನಿ, ಇನ್ಯಾರೂ ಮುಟ್ಟಬ್ಯಾಡಿ ಅಂತ ಕೂಗಿ ಹೇಳಿದೆ. ಹೇಳಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ.